ತೊಳೆಯಬಾರದಿದ್ದ ಸೀರೆ

ಆವರಗೆರೆಯ ದುರುಗವ್ವನ ಎಮ್ಮೆ ಹರಿಹರಕ್ಕೆ ಹೋದ ಕತೆಯನ್ನು ಎರಡೂ ಊರಿನವರು ಹೇಳುತ್ತಾರೆ. ಆವರಗೆರೆಯವರ ಬಾಯಲ್ಲಿ ಅದು ದುರುಗವ್ವನ ಸೊಸೆ ಸುನೀತಾಳ ಮಡಿವಂತಿಕೆಯ ಕತೆ, ನಗುವುದಕ್ಕೆಂದೇ ಹೇಳುವಂಥದ್ದು. ಹರಿಹರದ ಹೊಳೆದಂಡೆಯ ಓಣಿಯಲ್ಲಿ ಅದೇ ಕತೆ ಬಕ್ಕೇಶಪ್ಪ ಸೀರೆ ಉಟ್ಟ ಕತೆಯಾಗಿದೆ, ಅದೂ ನಗುವುದಕ್ಕೇ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದವರಿಗೆ ಮಾತ್ರ, ನಡುವೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡು ನಿಂತಿರುವುದು ಕಾಣುತ್ತದೆ. ಅವಳೇ ಚೈತ್ರಾ, ದುರುಗವ್ವನ ಮೊಮ್ಮಗಳು.

ಎಮ್ಮೆಯ ಹೆಸರು ಸುರುಳಿ. ಅದರ ಕೊಂಬೆರಡೂ ಕಿವಿಯ ಹಿಂದೆ ಜಿಲೇಬಿಯಂತೆ ಸುತ್ತಿಕೊಂಡಿದ್ದವು. ಇನ್ನೂ ಈಯದ ಮಣಕವಾಗಿ ಮನೆಗೆ ಬಂದಾಗ ಚೈತ್ರಾಳಿಗೆ ನಾಲ್ಕು ವರ್ಷ. ಅಂದಿನಿಂದ ಅವರಿಬ್ಬರೂ ಒಂದೇ ಹಿತ್ತಲಲ್ಲಿ ಬೆಳೆದರು. ಮನೆಯ ಹಿಂದಿನ ಬಯಲಿಗೆ ಮೇಯಲು ಹೊಡೆದುಕೊಂಡು ಹೋಗುವವಳು ಚೈತ್ರಾ. ಸಂಜೆ ಹಾದಿ ನೆನಪಿಟ್ಟುಕೊಂಡು ಅವಳನ್ನು ಮನೆಗೆ ಕರೆತರುವುದು ಸುರುಳಿ. ಹಾಗೆಂದು ದುರುಗವ್ವ ಹೇಳುತ್ತಿದ್ದಳು.

ಆ ವರ್ಷ ಯುಗಾದಿಯ ಹೊತ್ತಿಗೆ ಸುರುಳಿ ಮೂರನೆಯ ಸೂಲು ಈಯಿತು. ಕರು ಎರಡನೆಯ ತಿಂಗಳಿಗೇ ಹೊಟ್ಟೆಯುಬ್ಬರಿಸಿ ಸತ್ತಿತು. ಕರುವಿಲ್ಲದ ಎಮ್ಮೆ ಸೊರ ಬಿಡುವುದು ಕಷ್ಟ. ಸೊರ ಬಿಡುವುದೆಂದರೆ ಕೆಚ್ಚಲಿನಲ್ಲಿ ಕಟ್ಟಿಟ್ಟ ಹಾಲನ್ನು ತಾನಾಗಿಯೇ ತೊಟ್ಟಿಗೆ ಇಳಿಸುವುದು. ಅದು ಎಮ್ಮೆಯ ಮನಸ್ಸಿಗೆ ಸೇರಿದ ಕೆಲಸ, ಹಿಂಡುವವರ ಕೈಬಲಕ್ಕೆ ಸೇರಿದ್ದಲ್ಲ. ದುರುಗವ್ವ ಅದಕ್ಕಾಗಿಯೇ ಒಂದು ಸೀರೆ ಇಟ್ಟಿದ್ದಳು. ಹಸಿರು ನೂಲಿನದು, ಸೆರಗು ಹರಿದದ್ದು. ಎರಡು ಹೊತ್ತೂ ಅದನ್ನೇ ಸುತ್ತಿಕೊಂಡು ಹಿಂಡಲು ಕೂರುವಳು. ಹಿಂಡಿದ ಮೇಲೆ ಕೊಟ್ಟಿಗೆಯ ಕಂಬಕ್ಕೆ ತೂಗುಹಾಕುವಳು. ಅದು ಮನೆಯೊಳಗೆ ಬರಬಾರದು, ಅದಕ್ಕೆ ಸೋಪು ಮುಟ್ಟಬಾರದು. ತೀರಾ ಕೊಳೆಯಾದರೆ ಬರಿ ನೀರಿನಲ್ಲಿ ಒಮ್ಮೆ ಅದ್ದಿ, ಎಮ್ಮೆಯ ಬೆನ್ನ ಮೇಲೆಯೇ ಹರವಿ ಒಣಗಿಸಬೇಕು. ‘ಎಮ್ಮೆ ಮುಖ ನೋಡಲ್ಲವ್ವ, ಮೂಗು ನೋಡ್ತೈತೆ’ ಎಂಬುದು ಆಕೆಯ ಮಾತು.

ಕಾರಹುಣ್ಣಿಮೆಯ ವಾರದಲ್ಲಿ ದುರುಗವ್ವ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಹಿಡಿತ ಕೂಡಲಿಲ್ಲ. ಆಗ ಚೈತ್ರಾ ಆ ಸೀರೆಯನ್ನು ಹೊದ್ದು ತಂಬಿಗೆ ಹಿಡಿದು ಕುಳಿತಳು. ಸುರುಳಿ ಹಿಂದಕ್ಕೆ ತಿರುಗಿ ಸೀರೆಯನ್ನು ಮೂಸಿತು, ಹುಡುಗಿಯ ಕುತ್ತಿಗೆಯನ್ನು ಮೂಸಿತು, ಎರಡನ್ನೂ ಕೂಡಿಸಿ ನೋಡಿ ಒಂದು ಉಸಿರು ಬಿಟ್ಟಿತು. ಹಾಲು ಇಳಿಯಿತು. ಅಂದಿನಿಂದ ನಾಲ್ಕು ತಿಂಗಳು ಹಿಂಡಿದವಳು ಅವಳೇ.

ಎಮ್ಮೆಯನ್ನು ಕೊಡುವ ಮಾತು ಬಂದದ್ದು ಯಾರ ತಪ್ಪಿನಿಂದಲೂ ಅಲ್ಲ. ಮೇಯುವ ಬಯಲಿಗೆ ಕಲ್ಲು ನೆಟ್ಟು ಲೇಔಟ್ ಮಾಡಿದರು. ಮನೆಯ ಮುಂದಿನ ಹಾದಿಗೆ ಕಾಂಕ್ರೀಟು ಬಂತು. ಎಮ್ಮೆ ಮೀಯುವ ಹೊಂಡ ಮುಚ್ಚಿಹೋಯಿತು. ಸುರುಳಿ ಹಗಲೆಲ್ಲ ಮೋಟು ಹಗ್ಗದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುವಂತಾಯಿತು. ಗೊರಸು ಸವೆದು ಕುಂಟತೊಡಗಿತು. ಚೈತ್ರಾಳ ಅಪ್ಪ ತಿಪ್ಪೇಶ್, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಳಗಿನಿಂದ ಹೊಗೆ ಕುಡಿದು ಬರುವವನು, ಒಂದು ಸಂಜೆ ತಾಯಿಯ ಮುಂದೆ ಕುಳಿತು ಹೇಳಿದ: “ಅವ್ವಾ, ಹರಿಹರದಾಗ ಹೊಳಿ ದಂಡಿ ಮ್ಯಾಲೆ ಒಬ್ಬರದಾರೆ. ಬಕ್ಕೇಶಪ್ಪ ಅಂತ. ಹೆಂಡ್ತಿ ಗುರುಶಾಂತಮ್ಮ ಎಮ್ಮೆ ನೋಡ್ಕಣಾಕಿ. ಹೋದ ವರ್ಷ ಅವರ ಎಮ್ಮೆ ಮುಪ್ಪಾಗಿ ಸತ್ತೈತೆ.”

ದುರುಗವ್ವ “ಹೊಳಿ ಐತೆ ಅಂತೀಯಲ್ಲ, ಕೊಡು,” ಎಂದಳು.

ಚೈತ್ರಾಳನ್ನು ಯಾರೂ ಕೇಳಲಿಲ್ಲ.

ಬಕ್ಕೇಶಪ್ಪ ಬಂದು ನೋಡಿದ. ಎಲೆ ಅಡಿಕೆಯ ಮೇಲೆ ಎಂಟು ದಿನದ ಮಾತಾಯಿತು. ಇದು ಆ ಸೀಮೆಯಲ್ಲಿ ಹಾಲುಕರೆಯುವ ಎಮ್ಮೆಯನ್ನು ಕೊಡುವಾಗ ನಡೆದುಬಂದ ಕಟ್ಟು: ಎಂಟನೆಯ ದಿನದೊಳಗೆ ಎಮ್ಮೆ ಹೊಸ ಕೈಗೆ ಸೊರ ಬಿಡದಿದ್ದರೆ ಕೊಟ್ಟವರು ಮರುಮಾತಿಲ್ಲದೆ ವಾಪಸು ಹೊಡೆದುಕೊಂಡು ಹೋಗಬೇಕು. ಬಾಗಿಲ ಮರೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡ ಚೈತ್ರಾಳ ಎದೆಯಲ್ಲಿ ಎಂಟು ಎಂಬ ಅಂಕಿ ಗೂಟದಂತೆ ನೆಟ್ಟುಕೊಂಡಿತು.

ಭಾನುವಾರ ಬೆಳಿಗ್ಗೆ ಗಾಡಿ ಬರುವುದಿತ್ತು. ಶನಿವಾರ ಜ್ವರ ಬಂದು ಮಲಗಿದ್ದ ದುರುಗವ್ವ ಹಾಸಿಗೆಯಿಂದಲೇ ಸೊಸೆಗೆ ಹೇಳಿದಳು: “ಸುನೀತಾ, ಆ ಹಿಂಡೋ ಸೀರೆ ಎಮ್ಮಿ ಜತಿಗೆ ಕೊಟ್ಟು ಕಳ್ಸಬೇಕವ್ವ. ಮರೀಬ್ಯಾಡ.”

ಸುನೀತಾ ದಾವಣಗೆರೆಯ ಪೇಟೆಯ ಓಣಿಯಲ್ಲಿ ಹುಟ್ಟಿ ಬೆಳೆದವಳು. ಎಮ್ಮೆಗೆ ಹುಲ್ಲು ಹಾಕುವಳು, ಸಗಣಿ ಬಳಿಯುವಳು. ಹಿಂಡಲು ಎಂದೂ ಕುಳಿತವಳಲ್ಲ. ಕಂಬದ ಮೇಲಿನ ಸೀರೆಯನ್ನು ಅವಳು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದಳು. ಸಗಣಿಯ ಕಲೆ, ಹಾಲಿನ ಹಕ್ಕಳೆ, ನೊಣ. ಇದನ್ನು ಇನ್ನೊಬ್ಬರ ಮನೆಗೆ ಕೊಡುವುದೇ? ನಾಳೆ ಆ ಗುರುಶಾಂತಮ್ಮ ನಾಲ್ಕು ಜನರ ಮುಂದೆ ಬಿಚ್ಚಿ ತೋರಿಸಿದರೆ? ಹೆಣ್ಣು ಕೊಟ್ಟರೂ ಎಮ್ಮೆ ಕೊಟ್ಟರೂ ಮನೆತನದ ಮಾನ ಹೋಗುವುದು ಬಟ್ಟೆಯಲ್ಲೇ ಎಂದು ತಿಳಿದವಳು ಅವಳು.

ಮಧ್ಯಾಹ್ನ ಶಾಲೆಯಿಂದ ಬಂದ ಚೈತ್ರಾ ಹಿತ್ತಲಿಗೆ ಹೋದಳು. ಬಕೆಟ್ಟಿನಲ್ಲಿ ಸೋಪಿನ ನೊರೆ. ನೊರೆಯ ನಡುವೆ ಹಸಿರು.

“ಏನ್ ಹಂಗ್ ನೋಡ್ತೀಯಾ?” ಸುನೀತಾ ಬೆವರು ಒರೆಸಿಕೊಂಡಳು. “ಮೂರು ನೀರು ಹೋತು ನೋಡು, ಇನ್ನೂ ಬಗ್ಗಡನೇ ಬರ್ತೈತೆ. ನಿಮ್ಮಜ್ಜಿ ಇದ್ರಾಗ ಎಮ್ಮಿ ಹಿಂಡ್ತಿದ್ಲೋ, ಎಮ್ಮಿ ತಿಕ್ಕತಿದ್ಲೋ!”

ಚೈತ್ರಾ ಬಾಯಿ ತೆರೆದಳು. ಅಜ್ಜಿ ಒಳಗೆ ಮಲಗಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರ. ‘ಅವ್ವಾ, ಅದನ್ನ ತೊಳೀಬಾರದು’ ಎಂಬಷ್ಟೇ ಮಾತು. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅದರ ಹಿಂದೆಯೇ ಎಂಟು ಎಂಬ ಅಂಕಿಯೂ ಬಂತು. ಚೈತ್ರಾ ಬಾಯಿ ಮುಚ್ಚಿದಳು.

“ನೀರು ಸೇದಿ ಕೊಡ್ಲೇನವ್ವ?” ಎಂದಳು.

ಸುನೀತಾ ಕೊನೆಯ ನೀರಿಗೆ ಮಲ್ಲಿಗೆ ವಾಸನೆಯ ದ್ರವವನ್ನೂ ಎರಡು ಮುಚ್ಚಳ ಹಾಕಿದಳು. ಹರಿದ ಸೆರಗಿಗೆ ಹೊಲಿಗೆ ಹಾಕಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಡಚಿ, ಮೇಲೊಂದು ಕುಪ್ಪಸದ ಕಣ, ಅರಿಶಿನ ಕುಂಕುಮದ ಪೊಟ್ಟಣ ಇಟ್ಟು ಹೊಸ ಚೀಲಕ್ಕೆ ಹಾಕಿದಳು. ಭಾನುವಾರ ಗಾಡಿ ಹೊರಟಾಗ ದುರುಗವ್ವ ಚೀಲವನ್ನು ಕಂಡಳು, ಒಳಗಿದ್ದುದನ್ನು ಕಾಣಲಿಲ್ಲ. ಚೈತ್ರಾ ಅಳಲಿಲ್ಲ. ಓಣಿಯ ಹೆಂಗಸರು ‘ಗಟ್ಟಿಗಿತ್ತಿ ಹುಡುಗಿ’ ಎಂದು ಹೊಗಳಿದರು. ಆ ಹೊಗಳಿಕೆ ಆವರಗೆರೆಯ ಕತೆಯಲ್ಲಿ ಇಂದಿಗೂ ಇದೆ.

ಬುಧವಾರ ಫೋನು ಬಂತು. ತಿಪ್ಪೇಶ್ ಸ್ಪೀಕರಿಗೆ ಹಾಕಿದ.

“ತಿಪ್ಪೇಶಣ್ಣಾರ, ನಿಮ್ಮೆಮ್ಮಿ ಸೀರಿ ಕಂಡ್ರೆ ಸಾಕು, ಬುಸ್ ಅಂತೈತ್ರಿ!” ಬಕ್ಕೇಶಪ್ಪನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು. “ಮೂರು ದಿನ ನಮ್ಮನಿಯಾಕಿ ಅದೇ ಸೀರಿ ಉಟ್ಕಂಡು ಕೂತ್ಲು. ಒದಿಕಿ ಬಿದ್ದು ತೊಡಿ ನೀಲಿ ಆಗೈತೆ. ನಿನ್ನೆ ಸಂಜಿಗೆ ನಾನೇ ಉಟ್ಕಂಡೆ.”

“ನೀವಾ?”

“ಮತ್ತೇನ್ ಮಾಡ್ಲಿರಿ? ಲುಂಗಿ ಮ್ಯಾಲೆ ಸುತ್ಕಂಡು, ತಲಿ ಮ್ಯಾಲೆ ಸೆರಗು ಹೊದ್ಕಂಡು ಕೂತ್ರೆ ಓಣಿ ಮಂದಿಯೆಲ್ಲ ಬಂದು ನಿಂತ್ರು. ‘ಬಕ್ಕೇಶಣ್ಣ, ಮದುಮಗಳನ್ನ ಎಲ್ಲಿಂದ ತಂದ್ಯೋ’ ಅಂತ ಕೇಳ್ತಾರೆ. ಎಮ್ಮಿ ನನ್ನ ನೋಡಿ ಹೆದರಿ ಮೇವಿನ ಗೋದಲಿ ಹಾರೋಕೆ ಹೋತು!”

ಮನೆಯೆಲ್ಲ ನಕ್ಕಿತು. ಚೈತ್ರಾಳೂ ನಕ್ಕಳು. ಅವಳ ನಗು ಎಲ್ಲರಿಗಿಂತ ಒಂದು ತೂಕ ಹೆಚ್ಚೇ ಇತ್ತು. ಎಂಟರಲ್ಲಿ ನಾಲ್ಕು ದಿನ ಕಳೆದಿದ್ದವು. ನಗದೆ ಉಳಿದವಳು ದುರುಗವ್ವ ಒಬ್ಬಳೇ. “ಸೀರೆ ಉಟ್ಕಂಡ್ರೂ ಸೊರ ಬಿಡ್ಲಿಲ್ಲ ಅಂದ್ರೆ ಏನೋ ಎಡವಟ್ಟಾಗೈತೆ. ಈ ಹುಡುಗಿನ್ನ ಕರ್ಕಂಡ್ ಹೋಗು ತಿಪ್ಪಾ. ಹೆಂಗೂ ದಸರಾ ರಜ ಐತೆ. ಕೆಚ್ಚಲದಾಗ ಹಾಲು ನಿಂತ್ರೆ ಕೆಡ್ತೈತೆ,” ಎಂದಳು.

ಗುರುವಾರ ಬೆಳಿಗ್ಗೆ ಅಪ್ಪ ಮಗಳು ಹರಿಹರದ ಬಸ್ಸು ಹತ್ತಿದರು. ಕಿಟಕಿಯ ಪಕ್ಕ ಕುಳಿತ ಚೈತ್ರಾ ಮನಸ್ಸಿನಲ್ಲೇ ಸುರುಳಿಯನ್ನು ವಾಪಸು ತರುವ ದಾರಿಯನ್ನು ನೋಡಿಕೊಳ್ಳುತ್ತಿದ್ದಳು. ಎಲ್ಲಿ ನೆರಳಿದೆ, ಎಲ್ಲಿ ನೀರು ಸಿಗುತ್ತದೆ, ಯಾವ ತಿರುವಿನಲ್ಲಿ ಲಾರಿಗಳು ಜಾಸ್ತಿ. ಎಂಟನೆಯ ದಿನ ಭಾನುವಾರ. ಭಾನುವಾರ ಅಪ್ಪನಿಗೂ ರಜ.

ಗುರುಶಾಂತಮ್ಮನ ಮನೆ ಓಣಿಯ ಕೊನೆಯದು. ಹಿಂದಕ್ಕೆ ತಗಡಿನ ಕೊಟ್ಟಿಗೆ, ಅದರ ಹಿಂದೆ ಬೇವಿನಮರ, ಮರದ ಕೆಳಗಿನಿಂದ ಇಳಿದರೆ ತುಂಗಭದ್ರೆ. ಮಳೆಗಾಲ ಮುಗಿದು ಹೊಳೆ ಇನ್ನೂ ಕೆಂಪಗೇ ಹರಿಯುತ್ತಿತ್ತು. ನೆಲ ಮಣ್ಣಿನದು, ಮೆತ್ತಗಿತ್ತು.

ಸುರುಳಿ ಹಿಂಗಾಲು ಅಗಲಿಸಿ ನಿಂತಿತ್ತು.

ಚೈತ್ರಾ ಅಂದುಕೊಂಡಂತೆ ಅದು ಕುಣಿಯಲಿಲ್ಲ, ಹಗ್ಗ ಜಗ್ಗಲಿಲ್ಲ. ಅವಳು ಹತ್ತಿರ ಬಂದಾಗ ಕತ್ತು ಚಾಚಿ ಅವಳ ಮುಂಗೈಯನ್ನು ಒಮ್ಮೆ ನೆಕ್ಕಿ, ಆಳದಿಂದ ನರಳಿತು. ಅಷ್ಟೆ. ಚೈತ್ರಾ ಕುಳಿತು ಕೆಚ್ಚಲಿಗೆ ಕೈ ಇಟ್ಟಳು. ಇಟ್ಟ ಕೈಯನ್ನು ತೆಗೆದಳು. ಅದು ಬಿಸಿಲಿಗೆ ಕಾದ ಕಲ್ಲಿನಂತಿತ್ತು. ಬಲಗಡೆಯ ಒಂದು ತೊಟ್ಟು ಕೆಂಪಗೆ ಊದಿಕೊಂಡಿತ್ತು.

“ನಿನ್ನೆ ಡಾಕ್ಟ್ರು ಬಂದು ಸಣ್ಣ ಕೊಳವಿ ಹಾಕಿ ಒಂದಿಷ್ಟು ಹಾಲು ಇಳಿಸಿದ್ರವ್ವ,” ಗುರುಶಾಂತಮ್ಮ ಹಿಂದಿನಿಂದ ಹೇಳಿದಳು. ಐವತ್ತು ದಾಟಿದ ಅಗಲ ಮುಖದ ಹೆಂಗಸು. ಬಿಸಿನೀರಿನ ಪಾತ್ರೆಯಿಟ್ಟು ಬಟ್ಟೆ ಅದ್ದಿ ಹಿಂಡುತ್ತಿದ್ದಳು. ನಡೆಯುವಾಗ ಒಂದು ಕಾಲು ಎಳೆಯುತ್ತಿದ್ದಳು. “ಒಳಗ ಹಾಲು ಗಡ್ಡಿ ಕಟ್ಟೋಕೆ ಬಂದೈತಂತೆ. ಕೈಯಿಂದ ಹಿಂಡಿದ್ರೆ ಬಿಡ್ತೈತೆ, ಇಲ್ಲಾಂದ್ರೆ ಆ ತೊಟ್ಟು ಹೋಗ್ತೈತೆ ಅಂದ್ರು. ಪಾಪ, ಬಾಯಿಲ್ಲದ್ದು. ಯಾಕ ಒದಿತೈತೋ ಯಾರಿಗೆ ಹೇಳ್ಬೇಕು?”

ಒದ್ದ ಎಮ್ಮೆಯನ್ನು ಆಕೆ ಬೈಯಲಿಲ್ಲ. ಬೈದಿದ್ದರೆ ಚೈತ್ರಾಳಿಗೆ ಅನುಕೂಲವಾಗುತ್ತಿತ್ತು.

“ಅಮ್ಮಾ, ಆ ಸೀರೆ ತೊಳೆದಿದ್ದೈತ್ರಿ,” ಎಂದಳು ಚೈತ್ರಾ.

“ಅಯ್ಯೋ, ಗೊತ್ತವ್ವ! ಎಷ್ಟ್ ಚೆಂದ ಇಸ್ತ್ರಿ ಮಾಡಿ ಕಳ್ಸಿದಾರೆ ನಿಮ್ಮವ್ವ! ಮಲ್ಲಿಗಿ ಹೂವಿನ ಹಂಗ ಘಮ ಅಂತಿತ್ತು. ನಮ್ಮ ಯಜಮಾನ್ರಿಗೆ ಹೇಳ್ದೆ, ನೋಡ್ರಿ, ಎಮ್ಮಿ ಸೀರಿನೇ ಹಿಂಗಿಟ್ಟಾರೆ, ಇನ್ನು ಮನಿ ಹೆಂಗಿಟ್ಟಿರಬ್ಯಾಡ ಅಂತ—”

“ತೊಳೀಬಾರದಿತ್ರಿ.”

ಗುರುಶಾಂತಮ್ಮನ ಕೈ ಬಟ್ಟೆಯ ಮೇಲೆ ನಿಂತಿತು.

“ಅದಕ್ಕೆ ಸೋಪು ಹಾಕಬಾರದು. ವಾಸನೆ ಹೋಗ್ತೈತೆ. ನಮ್ಮವ್ವಗೆ ಗೊತ್ತಿರಲಿಲ್ಲ. ನಂಗೆ ಗೊತ್ತಿತ್ತು.” ಚೈತ್ರಾ ಎಮ್ಮೆಯ ಕಾಲಿನ ಕಡೆ ನೋಡುತ್ತ ಹೇಳುತ್ತಿದ್ದಳು. “ಅವ್ವ ತೊಳಿಯೋವಾಗ ನಾನು ಅಲ್ಲೇ ಇದ್ದೆ. ನೀರು ಸೇದಿ ಕೊಟ್ಟೆ.”

ತಿಪ್ಪೇಶ್ “ಏನಂದೀಲೇ?” ಎಂದು ಒಂದು ಹೆಜ್ಜೆ ಮುಂದೆ ಬಂದ. ಗುರುಶಾಂತಮ್ಮ ಕೈಯೆತ್ತಿ ತಡೆದಳು.

“ಯಾಕ ಹೇಳ್ಲಿಲ್ಲವ್ವ?”

“ಎಂಟು ದಿನಕ್ಕೆ ವಾಪಸ್ ಬರ್ಲಿ ಅಂತ.”

ಹೊಳೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಗುರುಶಾಂತಮ್ಮ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ ಚೈತ್ರಾಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು.

“ಮಾತು ಮಾತೇ. ಇವತ್ತಿಗೆ ಐದು, ಭಾನುವಾರಕ್ಕೆ ಎಂಟು. ಬೇಕಂದ್ರೆ ಈಗ್ಲೇ ಹೊಡ್ಕಂಡು ಹೋಗ್ರಿ, ನಾನು ಬ್ಯಾಡ ಅನ್ನಲ್ಲ. ನೀನು ಮನಿಗೆ ಕರ್ಕಂಡು ಹೋಗಿ ಹಿಂಡಿದ್ರೆ ಎಮ್ಮಿ ಉಳಿತೈತೆ. ಇಲ್ಲಾ, ನಂಗೆ ಕಲಿಸ್ಕೊಡು. ಆಗ್ಲೂ ಉಳಿತೈತೆ. ಯಾವುದು ಅಂತ ನೀನೇ ಹೇಳು. ಹಿಂಡಿದಾಕಿ ನೀನು.”

ಇದುವರೆಗೆ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ಅವಳು ನೂರು ಸಲ ಅಂದುಕೊಂಡಿದ್ದಳು. ಈಗ ಅವಳ ಕಣ್ಣು ಸುರುಳಿಯ ಗೊರಸಿನ ಮೇಲೆ ನಿಂತಿತು. ಐದೇ ದಿನಕ್ಕೆ ಗೊರಸಿನ ಅಂಚು ಮಣ್ಣಿನಲ್ಲಿ ಮೆತ್ತಗಾಗಿತ್ತು; ನಾಲ್ಕೂ ಕಾಲಿನ ಮೇಲೆ ಭಾರ ಸಮನಾಗಿತ್ತು. ಬೆನ್ನ ಮೇಲೆ ಹೊಳೆಯ ಕೆಸರು ಒಣಗಿ ಹಕ್ಕಳೆಗಟ್ಟಿತ್ತು. ಮನೆಯಲ್ಲಿ ಆ ಗೋಡೆ, ಆ ಮೋಟು ಹಗ್ಗ.

“ಸೀರೆ ಎಲ್ಲೈತ್ರಿ?” ಎಂದಳು ಚೈತ್ರಾ.

ಮೊದಲು ಅವಳು ಸೀರೆಯನ್ನು ಬರಿಯ ಹೊಳೆನೀರಿನಲ್ಲಿ ಅದ್ದಿ ಅದ್ದಿ ಮಲ್ಲಿಗೆಯನ್ನು ಕಳೆದಳು. ಆಮೇಲೆ ಕಲಗಚ್ಚಿನ ಬಾನಿಯಲ್ಲಿ ಅದ್ದಿ ಹಿಂಡಿ, ಸುರುಳಿಯ ಬೆನ್ನು ಪಕ್ಕೆಗಳಿಗೆಲ್ಲ ತಿಕ್ಕಿ, ಅಲ್ಲೇ ಹರವಿದಳು. ಬಕ್ಕೇಶಪ್ಪ ದೂರದಿಂದಲೇ ನೋಡಿ, “ಇಷ್ಟ್ ಹೊಲಸು ಮಾಡ್ಬೇಕಿತ್ತಾ! ಮೊದ್ಲೇ ಹೇಳಿದ್ರೆ ನನ್ನ ಲುಂಗಿನೇ ಕೊಡ್ತಿದ್ದೆ,” ಎಂದ.

“ನಿಮ್ಮ ಲುಂಗಿ ವಾಸನಿಗೆ ಎಮ್ಮಿ ಹೊಳಿ ದಾಟ್ತಿತ್ತು, ಸುಮ್ಕೆ ಹೋಗ್ರಿ,” ಎಂದಳು ಗುರುಶಾಂತಮ್ಮ.

ಸಂಜೆ ಚೈತ್ರಾ ಆ ಸೀರೆ ಹೊದ್ದು ಕುಳಿತಳು. ಸುರುಳಿ ಹಿಂದಕ್ಕೆ ತಿರುಗಿ ಮೂಸಿತು. ನಿಧಾನವಾಗಿ ಮೂಸಿತು. ಅವಳು ಅಜ್ಜಿಯಂತೆ ಗಂಟಲಲ್ಲೇ ಗುನುಗುತ್ತ ತೊಟ್ಟನ್ನು ನೀವಿದಳು. ಮೊದಲು ಗಟ್ಟಿಯಾದ ಹಳದಿ ಎಳೆ ಬಂತು. ಅದನ್ನು ನೆಲಕ್ಕೆ ಹಿಂಡಿದಳು. ಆಮೇಲೆ ಸುರುಳಿ ಒಂದು ಉದ್ದ ಉಸಿರು ಬಿಟ್ಟಿತು. ಹಾಲು ಬಂದ ರಭಸಕ್ಕೆ ತಂಬಿಗೆ ಅವಳ ಮೊಣಕಾಲಿನ ನಡುವೆ ಅಲುಗಿತು. ತಿಪ್ಪೇಶ್ ಮಗಳನ್ನು ಅಲ್ಲೇ ಬಿಟ್ಟು ಸಂಜೆಯ ಬಸ್ಸಿಗೆ ಹೋದ. ಹೋಗುವಾಗ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟ. ಅತ್ತ ಸುನೀತಾ ಫೋನಿನಲ್ಲಿ, “ಅಯ್ಯೋ ಶಿವನೇ, ಎರಡು ಮುಚ್ಚಳ ಹಾಕಿದ್ನಲ್ಲೇ!” ಎಂದು ಹಣೆ ಚಚ್ಚಿಕೊಂಡಳು.

ಶುಕ್ರವಾರ ಇಬ್ಬರೂ ಒಂದೇ ಸೀರೆ ಹೊದ್ದು ಕುಳಿತರು. ಗುರುಶಾಂತಮ್ಮನ ಬಳೆಯ ಸದ್ದಿಗೆ ಸುರುಳಿ ಕಿವಿ ನಿಮಿರಿಸಿತು; ಆಕೆ ಬಳೆಗಳನ್ನು ಮೊಣಕೈಗೇರಿಸಿ ಬಟ್ಟೆ ಕಟ್ಟಿಕೊಂಡಳು. ಎರಡು ತೊಟ್ಟು ಚೈತ್ರಾಳಿಗೆ, ಎರಡು ಗುರುಶಾಂತಮ್ಮನಿಗೆ. ಗುನುಗಲು ಮಾತ್ರ ಆಕೆಗೆ ಬರಲಿಲ್ಲ.

“ನಂಗೆ ಹಾಡು ಬರಲ್ಲವ್ವ. ನಾನು ಬಾಯಿ ತೆಗೆದ್ರೆ ಬೈಗಳೇ ಬರ್ತಾವೆ.”

“ಬೈಗಳೇ ಹೇಳ್ರಿ. ಸಣ್ಣಗೆ, ಎಳ್ಕಂಡು ಹೇಳ್ರಿ.”

ಗುರುಶಾಂತಮ್ಮ ಎಳೆದಳು: “ಬೂಸಾ ತಾ ಅಂದ್ರೆ ಬೀಡಿ ತಂದಾನೇ... ಹಿಂಡಿ ತಾ ಅಂದ್ರೆ ಹರಟಿ ಹೊಡ್ದಾನೇ... ನನ್ನ ಗಂಡ ಬಕ್ಕೇಶಪ್ಪನೇ...” ಸುರುಳಿಯ ಕಿವಿ ಇಳಿಯಿತು, ಮೆಲುಕು ಶುರುವಾಯಿತು. ಚೈತ್ರಾಳಿಗೆ ನಗು ತಡೆಯಲಾರದೆ ತಂಬಿಗೆ ಚೆಲ್ಲುವುದರಲ್ಲಿತ್ತು. ಆ ಹಾಡು ಹೊಳೆದಂಡೆಯ ಓಣಿಯಲ್ಲಿ ಈಗ ಎಲ್ಲರ ಬಾಯಲ್ಲಿದೆ. ಪಾಠಾಂತರಗಳೂ ಹುಟ್ಟಿವೆ, ಗಂಡಂದಿರ ಹೆಸರು ಮಾತ್ರ ಬೇರೆ.

ಶನಿವಾರ ಗುರುಶಾಂತಮ್ಮನೇ ಹಿಂಡಿದಳು. ಚೈತ್ರಾ ಎಮ್ಮೆಯ ಹಣೆಯ ಬಳಿ ನಿಂತಿದ್ದಳು. ಕೆಚ್ಚಲು ಮೆತ್ತಗಾಗಿತ್ತು, ತೊಟ್ಟಿನ ಕೆಂಪು ಇಳಿದಿತ್ತು. ಉಳಿದದ್ದು ಒಂದೇ. ಅವಳಿಲ್ಲದೆಯೂ ಬಿಡಬೇಕು.

ಭಾನುವಾರ ಬೆಳಿಗ್ಗೆ ಅವಳು ಕೊಟ್ಟಿಗೆಗೆ ಹೋಗಲಿಲ್ಲ. ಹಿಂಬದಿಯ ಬೇವಿನಮರಕ್ಕೆ ಒರಗಿ ನಿಂತಳು. ತಗಡಿನಾಚೆ ಗುರುಶಾಂತಮ್ಮನ ಬೈಗುಳದ ರಾಗ ಕೇಳಿಸಿತು. ಆಮೇಲೆ ಬರಿದಾದ ತಂಬಿಗೆಗೆ ಮೊದಲ ಧಾರೆ ಬಿದ್ದ ಸಣ್ಣ ಕಿಣಿಕಿಣಿ. ಚೈತ್ರಾ ಕಣ್ಣು ಮುಚ್ಚಿದಳು. ಎರಡು ಧಾರೆ, ನಾಲ್ಕು ಧಾರೆ.

ಆಗ ಹೊಳೆಯ ಕಡೆಯಿಂದ ಗಾಳಿ ಎದ್ದಿತು. ಮರವನ್ನು ಹಾದು, ಅವಳನ್ನು ಹಾದು, ಕೊಟ್ಟಿಗೆಯೊಳಗೆ ನುಗ್ಗಿತು. ಧಾರೆಯ ಸದ್ದು ನಿಂತಿತು. ಸುರುಳಿ ಕೂಗಿತು. ಗೊರಸು ನೆಲ ಕೆರೆಯಿತು.

“ನಿಲ್ಲೇ ತಾಯಿ, ನಿಲ್ಲೇ... ಯಾಕ ಈಗ?” ಒಳಗೆ ಗುರುಶಾಂತಮ್ಮ.

ಎಮ್ಮೆ ಎರಡನೆಯ ಸಲ ಕೂಗಿತು. ಅದು ಯಾರನ್ನು ಕರೆಯುತ್ತಿದೆ ಎಂಬುದು ಚೈತ್ರಾಳಿಗೆ ತಿಳಿದಿತ್ತು. ಎರಡು ಹೆಜ್ಜೆ ಇಟ್ಟರೆ ತಗಡಿನ ಸಂದು, ಸಂದಿನಾಚೆ ಆ ಮೂಗು. ಅವಳು ಸಂದಿನ ಕಡೆ ನೋಡಿದಳು. ಗಾಳಿಯ ಕಡೆ ನೋಡಿದಳು. ಮರವನ್ನು ಬಿಟ್ಟು, ಗೋಡೆಯನ್ನು ಬಳಸಿ, ಓಣಿಯ ಉದ್ದಕ್ಕೂ ನಡೆದು, ಗಾಳಿ ಕೊಟ್ಟಿಗೆಯನ್ನು ದಾಟಿದ ಮೇಲೆ ಮಾತ್ರ ತನ್ನನ್ನು ಮುಟ್ಟುವ ರಸ್ತೆಯ ಬದಿಗೆ ಬಂದು ನಿಂತಳು. ಅಲ್ಲಿ ಬಸ್ಸು, ಆಟೋಗಳ ಗದ್ದಲ. ಧಾರೆ ಮತ್ತೆ ಶುರುವಾಯಿತೋ ಇಲ್ಲವೋ ಕೇಳುವಂತಿರಲಿಲ್ಲ.

ಬಹಳ ಹೊತ್ತಾಯಿತು. ಆವರಗೆರೆಯವರು ಅರ್ಧ ತಾಸು ಎನ್ನುತ್ತಾರೆ. ಹರಿಹರದವರು ಒಂದು ಎಲೆ ಅಡಿಕೆ ಅಗಿಯುವಷ್ಟು ಹೊತ್ತು ಎನ್ನುತ್ತಾರೆ. ಕೊನೆಗೆ ಬಕ್ಕೇಶಪ್ಪ ಲುಂಗಿ ಎತ್ತಿಕಟ್ಟಿಕೊಂಡು ಓಡುತ್ತ ಬಂದ.

“ಇಲ್ಲ್ಯಾಕ ನಿಂತೀಯವ್ವ? ಊರೆಲ್ಲ ಹುಡುಕ್ದೆ! ಬಿಡ್ತು, ಸೊರ ಬಿಡ್ತು! ನೊರಿ ತಂಬಿಗಿ ಮ್ಯಾಲೆ ಬಂದೈತೆ. ಬಾ, ನೋಡ್ಬಾ!”

“ಹಿಂಡಿ ಮುಗೀತೇನ್ರಿ?”

“ಎಲ್ಲಿ ಮುಗಿತೈತೆ, ಇನ್ನೂ ಎರಡು ತೊಟ್ಟು ಬಾಕಿ ಐತೆ.”

“ಹಂಗಾದ್ರೆ ನೀವು ಹೋಗ್ರಿ,” ಎಂದಳು ಚೈತ್ರಾ. “ಮುಗಿಯಾಗಂಟ ನಾನು ಇಲ್ಲೇ ಇರ್ತೀನಿ.”